ಮಂಜಿನೂರಿನಲ್ಲಿ ಸಿಕ್ಕ ಅಡಿಕೆಯ ನೆಂಟ

ಕ್ಯಾಲಿಫೋರ್ನಿಯಾದ ನನ್ನ ಊರು ಸನ್ನಿವೇಲ್‌ನಲ್ಲಿ ರೈಲು ಹತ್ತುವಾಗ ಅಪ್ಪ ಸ್ವೆಟರ್ ಬೇಡ ಅಂದರು. ಜುಲೈ ತಿಂಗಳು. ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಸುಮ್ನೆ ಅದನ್ನು ಚೀಲಕ್ಕೆ ಹಾಕಿಕೊಂಡೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದು ರಸ್ತೆಗೆ ಬರುತ್ತಿದ್ದಂತೆ ಸಮುದ್ರದ ಗಾಳಿ ಬಡಿಯಿತು. ಅಪ್ಪ ಮಾತಾಡದೆ ಕೈ ಚಾಚಿದರು. ಸ್ವೆಟರ್ ಕೊಟ್ಟೆ.

ಅಪ್ಪ ಶಿರಸಿ ಕಡೆಯ ಅಡಿಕೆ ಬೆಳೆಗಾರರು. ನನ್ನ ಮನೆಗೆ ಬಂದು ಮೂರು ವಾರವಾಗಿತ್ತು. ಮಾಲ್‌ಗಳು, ದೊಡ್ಡ ದೊಡ್ಡ ಕಂಪನಿಗಳ ಕಟ್ಟಡಗಳು ಎಲ್ಲವನ್ನೂ ಒಮ್ಮೆ ನೋಡಿ ಮುಗಿಸಿದ್ದರು. ತೋಟ ಬಿಟ್ಟು ಬಂದವರಿಗೆ ಯಾವುದಾದರೂ ತೋಟವನ್ನೇ ತೋರಿಸಬೇಕು ಅಂತ ಈ ಊರಿನ ಸಸ್ಯೋದ್ಯಾನಕ್ಕೆ ಹೊರಟಿದ್ದೆವು.

ರೈಲು ನಿಲ್ದಾಣದ ಎದುರಿನಲ್ಲೇ 'ಎನ್ ಜೂಡಾ' ಟ್ರಾಮ್ ಸಿಗುತ್ತದೆ. ಮೊದಲು ಅದು ಸಮುದ್ರದ ದಂಡೆಯ ಎಂಬಾರ್ಕಡೆರೋ ರಸ್ತೆಯಲ್ಲಿ ಸಾಗುತ್ತದೆ. ಇಲ್ಲಿ ಮೊದಲು ಎರಡಂತಸ್ತಿನ ಹೆದ್ದಾರಿ ಇತ್ತು. 1989ರ ಭೂಕಂಪದಲ್ಲಿ ಅದು ಹಾಳಾಯಿತು. ಅದನ್ನು ಕೆಡವಿದ ಮೇಲೆ ದಂಡೆ ಮತ್ತೆ ಕಣ್ಣಿಗೆ ಬಿತ್ತು, ಈಗ ಉದ್ದಕ್ಕೂ ಕೆನರಿ ದ್ವೀಪದ ಖರ್ಜೂರದ ಮರಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಈ ಜಾತಿಗೆ ಒಂದು ಶಿಲೀಂಧ್ರ ರೋಗ ಅಂಟಿಕೊಂಡಿದೆ. ಸೋಗೆ ಕತ್ತರಿಸುವ ಗರಗಸದಿಂದಲೇ ಅದು ಮರದಿಂದ ಮರಕ್ಕೆ ಹರಡುತ್ತದೆ. ಇದನ್ನು ಹೇಳಿದಾಗ ಅಪ್ಪ ಕಿಟಕಿಯತ್ತ ಬಗ್ಗಿ ಒಂದೊಂದೇ ಮರದ ತಲೆ ನೋಡತೊಡಗಿದರು. "ಕತ್ತಿ ತೊಳೆಯದೆ ಇನ್ನೊಂದು ಮರ ಮುಟ್ಟಬಾರದು" ಅಂದರು.

ಒಂಬತ್ತನೇ ಅವೆನ್ಯೂದಲ್ಲಿ ಇಳಿದು ಸ್ವಲ್ಪ ನಡೆದರೆ ಉದ್ಯಾನದ ಬಾಗಿಲು. ಗೋಲ್ಡನ್ ಗೇಟ್ ಪಾರ್ಕಿನೊಳಗೆ 55 ಎಕರೆ ಜಾಗ. ಹೆಲೆನ್ ಸ್ಟ್ರೈಬಿಂಗ್ ಎಂಬ ಹೆಂಗಸು ಬಿಟ್ಟುಹೋದ ಹಣದಿಂದ ಕಟ್ಟಿ, 1940ರಲ್ಲಿ ಜನರಿಗೆ ತೆರೆದದ್ದು. ಅದಕ್ಕೂ ಹಿಂದೆ, 1870ರ ದಶಕದಲ್ಲಿ ಪಾರ್ಕಿನ ಕೆಲಸ ಶುರುವಾದಾಗ, ಇಲ್ಲೆಲ್ಲ ಮರಳು ದಿಬ್ಬಗಳೇ ಇದ್ದವು. ಅಪ್ಪ ಕಾಲಡಿಯ ಮಣ್ಣು ಮುಟ್ಟಿ ನೋಡಿದರು. "ನೀರು ನಿಲ್ಲೋದಿಲ್ಲ, ಒಳ್ಳೇದು" ಅಂದರು.

ನ್ಯೂಜಿಲೆಂಡ್ ಗಿಡಗಳ ಭಾಗಕ್ಕೆ ಬಂದಾಗ ಅವರು ಥಟ್ಟನೆ ನಿಂತರು. "ಪುಟ್ಟಿ, ಇದು ಅಡಿಕೆ ಅಲ್ವಾ?"

ಅಡಿಕೆ ಅಲ್ಲ, ನಿಕಾವ್ ಎಂಬ ತಾಳೆ. ಆದರೆ ಅವರು ಗುರುತಿಸಿದ್ದರಲ್ಲಿ ತಪ್ಪೇನಿಲ್ಲ. ಕಾಂಡದಲ್ಲಿ ಅದೇ ಬಳೆಗಳು. ಮೇಲೆ, ಸೋಗೆಯ ಬುಡ ಕಾಂಡವನ್ನು ಸುತ್ತಿಕೊಳ್ಳುವಲ್ಲಿ, ಅದೇ ನುಣುಪಾದ ಹಸಿರು ಹಾಳೆ, ಸ್ವಲ್ಪ ಜಾಸ್ತಿ ಉಬ್ಬಿದ್ದು. ಹೂಗೊನೆ ಬರುವುದೂ ಹಾಳೆಯ ಕೆಳಗಿನಿಂದಲೇ. ಸೋಗೆ ಮಾತ್ರ ಬಾಗದೆ ಮೇಲಕ್ಕೇ ನಿಂತಿರುತ್ತದೆ. ಅಡಿಕೆಗೆ ಇದು ನಿಜವಾಗಿಯೂ ನೆಂಟ, ಒಂದೇ ಉಪಕುಟುಂಬದ್ದು. ತಾಳೆ ಜಾತಿಯ ಮರಗಳಲ್ಲಿ ಭೂಮಿಯ ತೀರ ದಕ್ಷಿಣದವರೆಗೆ ತಾನಾಗಿ ಬೆಳೆಯುವುದು ಇದೇ. ಮಾವೋರಿ ಜನ ಇದರ ಸೋಗೆಯಿಂದ ಮನೆಗೆ ಹೊದಿಸುತ್ತಿದ್ದರಂತೆ. ಅಜ್ಜನ ಕಾಲದಲ್ಲಿ ನಮ್ಮ ಕೊಟ್ಟಿಗೆಗೂ ಸೋಗೆಯೇ ಇತ್ತು. ಅಪ್ಪ ಮರದ ಸುತ್ತ ಎರಡು ಸುತ್ತು ಬಂದರು. ಕೆಳಗೆ ಒಂದು ಹಾಳೆ ಬಿದ್ದಿತ್ತು. ಎತ್ತಿ, ಬಗ್ಗಿಸಿ, ಬೆರಳಲ್ಲಿ ದಪ್ಪ ನೋಡಿದರು. ಆಮೇಲೆ ಬಿದ್ದಿದ್ದ ಜಾಗದಲ್ಲೇ ಹಾಗೇ ಇಟ್ಟರು. "ಇರಲಿ, ಅದರ ಬುಡಕ್ಕೇ ಗೊಬ್ಬರ ಆಗುತ್ತೆ."

"ಇಷ್ಟು ಚಳಿಯಲ್ಲಿ ಸುಳಿ ಹೇಗೆ ಉಳಿಯುತ್ತೆ?" ಎಂದು ಕೇಳಿದರು. ಬೆಳೆಗಾರ ಕೇಳುವ ಪ್ರಶ್ನೆ ಅದು. ಇಂಥ ಮರಕ್ಕೆ ಇರುವುದು ಒಂದೇ ಸುಳಿ. ಅದು ಹೋದರೆ ಪಕ್ಕದಿಂದ ಚಿಗುರಿಲ್ಲ, ಮರವೇ ಹೋಯಿತು. ಆದರೆ ಈ ಊರಿನ ಚಳಿ ಸುಳಿ ಸುಡುವಂಥದ್ದಲ್ಲ. ನಡು ಚಳಿಗಾಲದ ರಾತ್ರಿಯೂ ಸಾಮಾನ್ಯವಾಗಿ 7–8 ಡಿಗ್ರಿ ಇರುತ್ತದೆ, ಹಿಮಗಟ್ಟುವುದು ಅಪರೂಪ. ಬೇಸಿಗೆಯ ಹಗಲಿಗೂ 18–20 ಡಿಗ್ರಿ ಅಷ್ಟೇ. ಒಳನಾಡು ಕಾದಷ್ಟೂ ಅಲ್ಲಿನ ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ತಣ್ಣನೆಯ ಕಡಲಿನ ಮಂಜು ಊರೊಳಗೆ ನುಗ್ಗುತ್ತದೆ. ಸನ್ನಿವೇಲ್‌ನಲ್ಲಿ ಬೆವರು, ಒಂದು ಗಂಟೆಯ ದಾರಿಯಲ್ಲಿ ಸ್ವೆಟರ್!

ತೆಂಗಿಗೆ ಇದು ಆಗುವುದಿಲ್ಲ. ಅಡಿಕೆಗೂ ಅಷ್ಟೇ. ರಾತ್ರಿಯೂ ಬೆಚ್ಚಗಿರಬೇಕು ಅವಕ್ಕೆ. ನಾವು ಆ ಎರಡನ್ನೇ ನೋಡಿ ಬೆಳೆದವರು. ಹಾಗಾಗಿ ಈ ಕುಟುಂಬಕ್ಕೆಲ್ಲ ಸೆಕೆ ಬೇಕು ಅಂದುಕೊಂಡಿರುತ್ತೇವೆ. ಇಲ್ಲಿ ಒಂದು ಮಧ್ಯಾಹ್ನ ನಡೆದರೆ ಆ ಲೆಕ್ಕ ಬದಲಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಂಡಿಸ್ ಬೆಟ್ಟದ ಮಂಜುಕಾಡಿನ ಗಿಡಗಳ ಭಾಗ. ಅಲ್ಲಿನ ಮೇಣದ ತಾಳೆಯ ಕಾಂಡ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಆ ಬಿಳುಪು ಮೇಣದ್ದು. ಹಿಂದೆ ಅದನ್ನು ಹೆರೆದು ಮೇಣದಬತ್ತಿ ಮಾಡುತ್ತಿದ್ದರು. ಕೊಲಂಬಿಯಾದ ಕಿಂಡಿಯೋ ಕಣಿವೆಗಳು ಇದರ ಊರು. 1801ರಲ್ಲಿ ಜರ್ಮನ್ ನಿಸರ್ಗ ವಿಜ್ಞಾನಿ ಹುಂಬೋಲ್ಟ್ ಆ ಬೆಟ್ಟ ದಾಟುವಾಗ ಈ ಮರ ಕಂಡು ಬೆರಗಾಗಿದ್ದ. 1985ರಿಂದ ಅದು ಕೊಲಂಬಿಯಾದ ರಾಷ್ಟ್ರವೃಕ್ಷ. ಕಾಡಿನಲ್ಲಿ 60 ಮೀಟರ್‌ವರೆಗೂ ಹೋಗುತ್ತದೆ. ಜಗತ್ತಿನ ತಾಳೆಗಳಲ್ಲೇ ಎತ್ತರದ್ದು ಇದು.

"ಅರವತ್ತು ಮೀಟರ್? ಯಾವ ಕೊನೆಗೌಡ ಹತ್ತುತ್ತಾನೆ ಇದನ್ನ?" ಅಪ್ಪ ಬಾಯಿ ತೆರೆದು ಮೇಲೆ ನೋಡಿದರು.

ಆ ಕಣಿವೆಗಳು ಇರುವುದು ಸಮಭಾಜಕದ ಹತ್ತಿರವೇ. ಆದರೆ ಎತ್ತರ 2000ದಿಂದ 3000 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ವರ್ಷವಿಡೀ ತಂಪು, ವರ್ಷವಿಡೀ ಮಂಜು. ಹಾಗಾಗಿ ಬೆಟ್ಟದ ತಲೆಯ ಮರ ಇಲ್ಲಿ ಕಡಲ ಮಟ್ಟದಲ್ಲೇ ನೆಮ್ಮದಿಯಾಗಿದೆ. ಇಲ್ಲಿ ಅದಕ್ಕೆ ಕೊರತೆ ಬೇಸಿಗೆಯ ಮಳೆಯದ್ದು ಮಾತ್ರ. ಇಲ್ಲಿ ಮಳೆಯೆಲ್ಲ ಚಳಿಗಾಲಕ್ಕೇ. ಅದಕ್ಕೆ ಪೈಪಿನ ನೀರು, ಮೇಲೆ ಎಲೆಯಿಂದ ತೊಟ್ಟಿಕ್ಕುವ ಮಂಜು.

"ಒಂದು ಬೀಜ ಸಿಕ್ಕಿದರೆ ನಮ್ಮ ತೋಟದಲ್ಲಿ ಹಾಕಬಹುದಾ?" ಅಪ್ಪ ಮೆಲ್ಲಗೆ ಕೇಳಿದರು. ಅಲ್ಲೇ ಇದ್ದ ಸ್ವಯಂಸೇವಕಿಯೊಬ್ಬರಿಗೆ ನಾನು ಅದನ್ನೇ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ನಿಮ್ಮಲ್ಲಿ ರಾತ್ರಿ ತುಂಬ ಬೆಚ್ಚಗಿರುತ್ತದೆ, ಅದು ತಡೆಯುವುದಿಲ್ಲ ಅಂದರು. ಸಸಿ ನೆಟ್ಟರೂ ಕಾಂಡ ನೆಲದಿಂದ ಮೇಲೇಳಲು ವರ್ಷಗಟ್ಟಲೆ ಕಾಯಬೇಕು. ಮೊದಲು ಬುಡ ದಪ್ಪವಾಗಬೇಕು, ಆಮೇಲೆ ಎತ್ತರ. "ಅಡಿಕೆ ಸಸಿ ನೆಟ್ಟವನಿಗೆ ಕಾಯೋದು ಗೊತ್ತು ಅಂತ ಹೇಳು ಅವರಿಗೆ" ಅಂದರು ಅಪ್ಪ. ನಾನು ಹೇಳಿದೆ. ಆಕೆ ಅಪ್ಪನ ಕೈ ಕುಲುಕಿದರು. ತೋಟದ ಕೆಲಸ ಮಾಡಿದ ಎರಡು ಕೈಗಳು. ಒಂದಕ್ಕೊಂದು ಒಪ್ಪುವಂತೆ ಒರಟಾಗಿದ್ದವು.

ಮೂರು ಗಂಟೆಯ ಹೊತ್ತಿಗೆ ಮಂಜು ಇಳಿಯಿತು. ಮೇಣದ ತಾಳೆಯ ತಲೆ ಕಾಣದಾಯಿತು. ಬಿಳಿ ಕಾಂಡ ಮಾತ್ರ ಉಳಿಯಿತು. ನಾವಿಬ್ಬರೂ ಬೆಂಚಿನ ಮೇಲೆ ಕೂತು ಬುತ್ತಿಯ ಚಪಾತಿ ತಿಂದೆವು.

ವಾಪಸ್ ರೈಲಿನಲ್ಲಿ ಸಂಜೆ ಆರೂವರೆ. ಊರಲ್ಲಿ ಬೆಳಿಗ್ಗೆ ಏಳು. ಅಪ್ಪ ಅಣ್ಣನಿಗೆ ಫೋನ್ ಮಾಡಿದರು. ಅಡಿಕೆಗೆ ಕೊಳೆ ರೋಗದ ಔಷಧಿ ಎರಡನೇ ಸಲ ಹೊಡೆದಾಯ್ತಾ? ಇಲ್ಲ, ಮಳೆ ಬಿಡುವು ಕೊಡ್ತಾ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ಏರಿಸಿದರು. "ಕೇಳೋ ಇಲ್ಲಿ, ಇವತ್ತು ಅಡಿಕೆಯ ನೆಂಟನ್ನ ನೋಡಿದೆ. ಹಾಳೆ ಇಷ್ಟು ದಪ್ಪ..." ಎಂದು ಫೋನ್ ಹಿಡಿಯದ ಕೈಯ ಎರಡು ಬೆರಳು ಮೇಲೆತ್ತಿ, ಅಣ್ಣನಿಗೆ ಕಾಣುವುದೇನೋ ಎಂಬಂತೆ ಅಳತೆ ತೋರಿಸುತ್ತಿದ್ದರು.