ಕೆರೆ ಕನ್ನಡಿಯೋ, ಹಾವಿನ ಕಣ್ಣೋ?

ಕನ್ನಡ ಪಾಠ ಮಾಡಲು ಶುರು ಮಾಡಿದ ಮೊದಲ ಕೆಲವು ವರ್ಷ ನಾನು ಅಲಂಕಾರವನ್ನು ಲೆಕ್ಕದ ಹಾಗೆ ಕಲಿಸುತ್ತಿದ್ದೆ. ಹೋಲಿಸುತ್ತಿರುವ ವಸ್ತು, ಅಂದರೆ ಉಪಮೇಯ ಯಾವುದು, ಯಾವುದಕ್ಕೆ ಹೋಲಿಸಿದೆಯೋ ಆ ಉಪಮಾನ ಯಾವುದು, 'ಅಂತೆ'ಯಂಥ ವಾಚಕ ಪದ ಇದೆಯಾ, ಎರಡಕ್ಕೂ ಇರುವ ಸಮಾನ ಧರ್ಮ ಏನು. ನಾಲ್ಕೂ ಸಿಕ್ಕರೆ ಪೂರ್ಣೋಪಮೆ, ಅಂಕ ಗ್ಯಾರಂಟಿ. ಮಕ್ಕಳಿಗೂ ಖುಷಿ, ನನಗೂ ನೆಮ್ಮದಿ.

ಒಂದು ದಿನ ಬೋರ್ಡಿನ ಮೇಲೆ ಎರಡು ವಾಕ್ಯ ಬರೆದೆ. 'ಕೆರೆ ಕನ್ನಡಿಯಂತೆ ಹೊಳೆಯುತ್ತಿತ್ತು.' 'ಕೆರೆ ಹಾವಿನ ಕಣ್ಣಿನಂತೆ ಹೊಳೆಯುತ್ತಿತ್ತು.' ಉಪಮಾನ ಒಂದು ಬಿಟ್ಟರೆ ಎರಡಕ್ಕೂ ಒಂದೇ ಉತ್ತರ. ಟಿಕ್ ಹಾಕುತ್ತಾ ಹೋದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಸರ್, ಎರಡನೇ ಕೆರೆಗೆ ನಾನಂತೂ ಇಳಿಯಲ್ಲ. ಅದನ್ನ ಎಲ್ಲಿ ಬರೀಬೇಕು?"

ಬರೆಯಲು ಜಾಗವೇ ಇರಲಿಲ್ಲ.

ಈಗ ನನ್ನ ಪಾಠ ಅಲ್ಲಿಂದಲೇ ಶುರು. ಉಪಮಾನವನ್ನು ಕಿತ್ತು ಬೇರೆಯದನ್ನು ಇಟ್ಟು ನೋಡಿ ಅನ್ನುತ್ತೇನೆ. ಕತ್ತಿಯ ಅಲಗಿನಂತೆ, ಬೆಳ್ಳಿ ತಟ್ಟೆಯಂತೆ. ಹೊಳಪು ಅದೇ, ಕೆರೆ ಮಾತ್ರ ಬೇರೆ. ಹಾಗೆ ಬದಲಾಗಿದ್ದು ಏನು ಅಂತ ಹೇಳಲು ಬಂದರೆ ಅರ್ಧ ವಿಶ್ಲೇಷಣೆ ಮುಗಿದ ಹಾಗೆ.

ಇನ್ನರ್ಧ ಕ್ರಿಯಾಪದದಲ್ಲಿದೆ. 'ಮೋಡ ಬೆಟ್ಟದ ಮೇಲೆ ಮಗುವಿನಂತೆ ಮಲಗಿತ್ತು' ಎಂಬ ವಾಕ್ಯ ಕೊಟ್ಟರೆ ಎಲ್ಲರೂ ಮಗುವಿನ ಹಿಂದೆ ಬೀಳುತ್ತಾರೆ. 'ಮಲಗಿತ್ತು' ಸುಮ್ನೆ ಕೂತಿರುತ್ತದೆ. ಮಗು ನಿಶ್ಚಿಂತೆಯಿಂದ ಮಲಗಿದೆ ಅಂದರೆ ಕೆಳಗೊಂದು ಮಡಿಲು ಇರಬೇಕು ಅಲ್ವಾ? ಬೆಟ್ಟದ ಬಗ್ಗೆ ಒಂದು ಮಾತೂ ಆಡದೆ ಅದನ್ನು ತಾಯಿ ಮಾಡಿಬಿಟ್ಟಾಯ್ತು. ಮುಂದಿನ ಪುಟದಲ್ಲಿ ಅದೇ ಬೆಟ್ಟ ಕುಸಿದರೆ ಓದುವವರಿಗೆ ತಾಯಿಯೇ ಕೈಬಿಟ್ಟಂತಾಗುತ್ತದೆ.

'ಆಕಾಶ ಅಳುತ್ತಿತ್ತು' ಎಂಬುದು ಮಕ್ಕಳ ಪ್ರಬಂಧಗಳಲ್ಲಿ ಜಾಸ್ತಿ ಸಿಗುವ ವಾಕ್ಯ. ಮೊದಲು ಸವಕಲು ಅಂತ ಕೆಂಪು ಗೀಟು ಎಳೆಯುತ್ತಿದ್ದೆ. ನಮ್ಮ ಭಾವವನ್ನು ಹೀಗೆ ಪ್ರಕೃತಿಗೆ ಅಂಟಿಸುವುದಕ್ಕೆ ಇಂಗ್ಲೆಂಡಿನ ವಿಮರ್ಶಕ ಜಾನ್ ರಸ್ಕಿನ್ 1856ರಲ್ಲೇ 'ಪೆಥೆಟಿಕ್ ಫ್ಯಾಲಸಿ' ಎಂದು ಹೆಸರಿಟ್ಟಿದ್ದರು. ಭಾವ ಉಕ್ಕಿದಾಗ ಕಣ್ಣಿಗೆ ಕಾಣುವುದೂ ಸುಳ್ಳಾಗುತ್ತದೆ ಎಂಬುದು ಅವರ ವಾದ. ಸರಿ, ಸುಳ್ಳೇ ಇರಲಿ. ಯಾರ ಕಣ್ಣಿನ ಸುಳ್ಳು? ಈಗ ಗೀಟಿನ ಬದಲು ಪಕ್ಕದಲ್ಲಿ 'ನೋಡುತ್ತಿರುವುದು ಯಾರು?' ಎಂದು ಬರೆಯುತ್ತೇನೆ. ಕೆಲವರು ವಾಕ್ಯ ತೆಗೆದು ಹಾಕುತ್ತಾರೆ. ಕೆಲವರು ಅಳುವವರನ್ನು ಕಥೆಗೆ ಕರೆತರುತ್ತಾರೆ.

ಆ ನಾಲ್ಕನ್ನೂ ಗುರುತಿಸಿ ಬರೆಯುವ ಲಕ್ಷಣ ಸಮನ್ವಯವನ್ನು ಬಿಟ್ಟಿಲ್ಲ, ಪರೀಕ್ಷೆಗೆ ಅದು ಬೇಕೇ ಬೇಕು. ಹತ್ತು ನಿಮಿಷದ ಕೆಲಸ. ಆದರೆ ನಮ್ಮ ಕ್ಲಾಸಿನ ನೋಟ್‌ಬುಕ್ಕಿನಲ್ಲಿ ಆ ನಾಲ್ಕು ಸಾಲಿನ ಕೆಳಗೆ ಈಗ ಐದನೆಯದೂ ಇರುತ್ತದೆ: 'ಈ ಕೆರೆಗೆ ಇಳೀತೀರಾ?'