ಕೇಳಿದ್ದು ಒಂದು, ಉತ್ತರ ಇನ್ನೊಂದು

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟಾಗ ಎಲ್ಲರೂ ಕೊಟ್ಟ ಬುದ್ಧಿಮಾತು ಒಂದೇ. "ಡೀಲರ್ ಮಾತು ನಂಬಬೇಡ, ಬಾಯಿ ಬಿಟ್ಟರೆ ಸುಳ್ಳು." ಒಂದು ಶನಿವಾರ ಪೂರ್ತಿ ಡೀಲರುಗಳ ಜೊತೆ ಕಳೆದ ಮೇಲೆ ನನಗೆ ಅನ್ನಿಸಿದ್ದು ಸ್ವಲ್ಪ ಬೇರೆ. ಅಪ್ಪಟ ಸುಳ್ಳು ಕೇಳಿಸಿದ್ದು ಕಡಿಮೆ. ನಾವು ಕೇಳಿದ ಪ್ರಶ್ನೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹೆಚ್ಚುಕಡಿಮೆ ಅದರಂತೆಯೇ ಕಾಣುವ ಇನ್ನೊಂದು ಪ್ರಶ್ನೆಗೆ ನಗುನಗುತ್ತಾ ಉತ್ತರ ಕೊಡುತ್ತಾರೆ. ಆ ಉತ್ತರ ನಿಜವೇ ಆಗಿರುತ್ತದೆ. ಕಷ್ಟ ಇರುವುದೇ ಅಲ್ಲಿ.

ಬೆಳಗ್ಗೆ ಹೋದದ್ದು ದೊಡ್ಡ ಶೋರೂಮಿಗೆ. ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದೆ. "ನಾವು ಬರುವವರೆಗೆ ದಯವಿಟ್ಟು ಗಾಡಿ ಸ್ಟಾರ್ಟ್ ಮಾಡಬೇಡಿ." ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಅದರ ಆರೋಗ್ಯ ಚೆನ್ನಾಗಿ ಗೊತ್ತಾಗುತ್ತದೆ. ಬ್ಯಾಟರಿ ಸೋತಿದ್ದರೆ ಸ್ಟಾರ್ಟರ್ ಎಳೆದಾಡುತ್ತದೆ. ಒಳಗೆ ಆಯಿಲ್ ಉರಿಯುತ್ತಿದ್ದರೆ ನೀಲಿ ಹೊಗೆ ಬರುತ್ತದೆ. ತೆಳುವಾದ ಬಿಳಿ ಹಬೆ ಬಂದು ಹೋದರೆ ಚಿಂತೆಯಿಲ್ಲ, ಆದರೆ ದಟ್ಟ ಬಿಳಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಸಿಲಿಂಡರಿನೊಳಗೆ ಸೇರುತ್ತಿದೆ ಅಂತ ಅನುಮಾನ ಪಡಬೇಕು. ಎಂಜಿನ್ ಬಿಸಿಯಾದ ಮೇಲೆ ಇವುಗಳಲ್ಲಿ ಎಷ್ಟೋ ಮುಚ್ಚಿಹೋಗುತ್ತವೆ.

ಹೋಗಿ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು.

"ಸ್ಟಾರ್ಟ್ ಮಾಡಬೇಡಿ ಅಂದಿದ್ದೆನಲ್ಲ?"

"ವಾಷಿಂಗಿಗೆ ಹೊರಗೆ ತೆಗೆದಿದ್ದರು ಸಾರ್."

"ಸಾರ್" ಅಂದದ್ದು ನನಗಲ್ಲ, ನನ್ನ ತಮ್ಮನಿಗೆ. ಕಾರು ಕೊಳ್ಳುವವಳು ನಾನು, ದುಡ್ಡು ನನ್ನದು, ಪ್ರಶ್ನೆ ಕೇಳುತ್ತಿರುವವಳೂ ನಾನು. ತಮ್ಮನಿಗೆ ಡ್ರೈವಿಂಗೇ ಬರುವುದಿಲ್ಲ. ರಜೆ ಅಂತ ಸುಮ್ನೆ ಜೊತೆಗೆ ಬಂದಿದ್ದ. ಆದರೂ ಆ ಸೇಲ್ಸ್ ಹುಡುಗ ಪ್ರತಿ ಉತ್ತರವನ್ನೂ ಅವನ ಕಡೆ ತಿರುಗಿಯೇ ಹೇಳುತ್ತಿದ್ದ. ಮೊದಲು ಸಿಟ್ಟು ಬಂತು. ಆಮೇಲೆ ಇದರಿಂದ ಲಾಭವೂ ಇದೆ ಅಂತ ಹೊಳೆಯಿತು. ಅವನು ತಮ್ಮನಿಗೆ ಮ್ಯೂಸಿಕ್ ಸಿಸ್ಟಮ್ ತೋರಿಸುತ್ತಿದ್ದಷ್ಟು ಹೊತ್ತು ನಾನು ಕಾರನ್ನು ನನ್ನಷ್ಟಕ್ಕೆ ನೋಡಬಹುದಿತ್ತು.

"ಆಕ್ಸಿಡೆಂಟ್ ಏನಾದರೂ ಆಗಿದೆಯಾ?" ಅಂದೆ. "ಎಂಜಿನ್ ಮುಟ್ಟೇ ಇಲ್ಲ, ಪಕ್ಕಾ" ಅಂದ. "ಎಷ್ಟು ಜನ ಓನರುಗಳು?" ಅಂದೆ. "ಒಬ್ಬರು ಡಾಕ್ಟರ್ ಓಡಿಸುತ್ತಿದ್ದರು, ಆಸ್ಪತ್ರೆಗೆ ಮನೆಗೆ ಅಷ್ಟೇ." ಡಾಕ್ಟರ್ ಇದ್ದದ್ದು ನಿಜ. ಕಾಗದ ತೆಗೆಸಿ ನೋಡಿದರೆ ಅವರಿಗಿಂತ ಮೊದಲು ಇನ್ನೊಬ್ಬರ ಹೆಸರೂ ಇತ್ತು. "ಸರ್ವಿಸ್ ರೆಕಾರ್ಡ್ ಇದೆಯಾ?" ಅಂದರೆ "ಫುಲ್ ಸರ್ವಿಸ್ ಆಗಿದೆ" ಎಂಬ ಉತ್ತರ. ಅಂದರೆ ಮಾರುವ ಮೊದಲು ಇವರೇ ಆಯಿಲ್ ಬದಲಿಸಿ ತೊಳೆಸಿದ್ದಾರೆ ಅಂತ. ಇಷ್ಟು ವರ್ಷ ಯಾರು ಯಾವಾಗ ಏನು ಮಾಡಿಸಿದರು ಎಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ.

ಕಾರು 2017ರದ್ದು. ಮೀಟರಿನಲ್ಲಿ 38,000 ಕಿಲೋಮೀಟರ್. ನಾನು ಬಗ್ಗಿ ಟೈರಿನ ಪಕ್ಕೆ ನೋಡಿದೆ. ಅಲ್ಲಿ ಒಂದು ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3220 ಅಂತಿತ್ತು. ಅಂದರೆ 2020ರ 32ನೇ ವಾರ ತಯಾರಾದ ಟೈರು. ನಾಲ್ಕೂ ಅದರ ಆಸುಪಾಸಿನವೇ, ನಾಲ್ಕೂ ಅರ್ಧಕ್ಕಿಂತ ಹೆಚ್ಚು ಸವೆದಿದ್ದವು. ಕಾರಿನ ಜೊತೆ ಬಂದ ಟೈರುಗಳು ಸಾಮಾನ್ಯವಾಗಿ 40,000 ಕಿಲೋಮೀಟರ್ ಹತ್ತಿರ ಬರುತ್ತವೆ. ಇಲ್ಲಿ ಮೊದಲ ಸೆಟ್ ಮುಗಿದು, ಎರಡನೆಯದೂ ಅರ್ಧ ಮುಗಿದು, ಮೀಟರ್ ಮಾತ್ರ 38,000ದಲ್ಲೇ ನಿಂತಿದೆ.

"ಟೈರು ಸೇಫ್ಟಿಗೆ ಅಂತ ನಾವೇ ಹೊಸದು ಹಾಕಿಸಿದ್ದು" ಅಂದ.

"ಗಾಡಿ ನಿಮ್ಮ ಹತ್ತಿರ ಬಂದು ಎಷ್ಟು ದಿನ ಆಯಿತು?"

"ಹೋದ ತಿಂಗಳು ಬಂದಿದ್ದು."

ಸವೆದ ಟೈರಿನ ಮೇಲೆ ಬೆರಳಿಟ್ಟು ಅವನ ಮುಖ ನೋಡಿದೆ. "ಹಂಗಾದರೆ ಮೊದಲಿನ ಓನರ್ ಹಾಕಿಸಿರಬೇಕು ಬಿಡಿ" ಅಂದ. ಆ ದಿನ ನನಗೆ ನೇರವಾಗಿ ಸಿಕ್ಕ ಸುಳ್ಳು ಅದೊಂದೇ, ಅದೂ ಅರ್ಧ ನಿಮಿಷ ಬಾಳಿತು.

ಟೈರೊಂದನ್ನೇ ನೋಡಿ ತೀರ್ಮಾನ ಮಾಡಬಾರದು. ಮುಳ್ಳು ಚುಚ್ಚಿ, ಇಲ್ಲವೇ ವಯಸ್ಸಾಗಿ ಬದಲಿಸಿರಬಹುದು. ಆದರೆ ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿತ್ತು. ಸ್ಟಿಯರಿಂಗ್ ಕೈ ಹಿಡಿಯುವ ಕಡೆ ಹೊಳೆಯುತ್ತಿತ್ತು. ಡ್ರೈವರ್ ಸೀಟಿನ ಅಂಚು ಕುಸಿದಿತ್ತು. ಡಿಜಿಟಲ್ ಮೀಟರ್ ಬಂದ ಮೇಲೆ ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ ಅಂತ ಇನ್ನೂ ಕೆಲವರು ನಂಬಿದ್ದಾರೆ. ಲ್ಯಾಪ್‌ಟಾಪ್ ಸಿಕ್ಕಿಸಿ ಅಂಕಿ ಬದಲಿಸುವುದು ಹಳೆಯ ಮೀಟರಿನ ಚಕ್ರ ತಿರುಗಿಸುವುದಕ್ಕಿಂತ ಸುಲಭದ ಕೆಲಸ. ಎಷ್ಟೋ ಕಾರುಗಳಲ್ಲಿ ಇದೇ ಲೆಕ್ಕ ಕಾರಿನೊಳಗಿನ ಬೇರೆ ಚಿಕ್ಕ ಕಂಪ್ಯೂಟರುಗಳಲ್ಲೂ (ಕಂಟ್ರೋಲ್ ಯೂನಿಟ್) ಉಳಿದಿರುತ್ತದೆ ಎಂಬುದೊಂದೇ ಸಮಾಧಾನ. ಒಳ್ಳೆಯ ಸ್ಕ್ಯಾನರ್ ಇದ್ದವರು ಅದನ್ನು ಹುಡುಕಿ ತೆಗೆಯಬಲ್ಲರು.

ನನ್ನ ಹತ್ತಿರ ಇದ್ದದ್ದು ಚಿಕ್ಕ ಸ್ಕ್ಯಾನರ್. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಫೋನಿನಲ್ಲಿ ಮಾಹಿತಿ ಬರುತ್ತದೆ. ಸೇಲ್ಸ್ ಹುಡುಗ ಬಗ್ಗಿ ನೋಡಿ ಖುಷಿಯಾದ. "ನೋಡಿ, ಒಂದೂ ಎರರ್ ಇಲ್ಲ!" ನಿಜ, ಒಂದೂ ಇರಲಿಲ್ಲ. ಆದರೆ ಕೆಳಗಿನ ಸಾಲುಗಳಲ್ಲಿ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ತಪಾಸಣೆಗಳ ಪಟ್ಟಿ ಇರುತ್ತದೆ. ಅವುಗಳಲ್ಲಿ ಬಹುಪಾಲು "ಇನ್ನೂ ಮುಗಿದಿಲ್ಲ" ಅಂತ ತೋರಿಸುತ್ತಿದ್ದವು. ದಿನಾ ಓಡುವ ಕಾರಿನಲ್ಲಿ ಇವು ಮುಗಿದಿರುತ್ತವೆ. ಬ್ಯಾಟರಿ ಕಳಚಿದ್ದರೆ ಅಥವಾ ಯಾರಾದರೂ ಎರರುಗಳನ್ನು ಅಳಿಸಿಹಾಕಿದ್ದರೆ ಮತ್ತೆ ಮೊದಲಿನಿಂದ ಶುರುವಾಗುತ್ತವೆ, ಮುಗಿಯಲು ಒಂದಷ್ಟು ದೂರ ಓಡಬೇಕು. ಈ ಕಾರು ಕೂಡ ತನ್ನ ಸೇಲ್ಸ್‌ಮನ್ನಿನ ಹಾಗೆಯೇ ಮಾತಾಡುವುದನ್ನು ಕಲಿತಿತ್ತು ಅನ್ನಿ!

ಅಷ್ಟರಲ್ಲಿ ನಮ್ಮನ್ನು ಗಾಜಿನ ಕ್ಯಾಬಿನ್ನಿನಲ್ಲಿ ಕೂರಿಸಿದರು. ಬೇಡವೆಂದರೂ ತಂಪು ಪಾನೀಯ ಬಂತು. ಸೀನಿಯರ್ ಒಬ್ಬರು ಬಂದು ಕೇಳಿದ ಮೊದಲ ಪ್ರಶ್ನೆ, "ತಿಂಗಳಿಗೆ ಎಷ್ಟು ಕಟ್ಟಬಹುದು ಅಂತ ಇದ್ದೀರಿ?"

ಕಾರಿನ ಬೆಲೆ ಎಷ್ಟು ಎಂಬ ಮಾತನ್ನು ಮರೆಸುವ ಪ್ರಶ್ನೆ ಇದು. ತಿಂಗಳ ಕಂತು ಹೇಳಿಬಿಟ್ಟರೆ ಅವರು ಅವಧಿಯನ್ನು ಎಳೆದು ಆ ಕಂತಿಗೆ ಯಾವ ಬೆಲೆಯನ್ನು ಬೇಕಾದರೂ ಹೊಂದಿಸಬಹುದು. ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ 3 ವರ್ಷದ ಸಾಲ ತೆಗೆದರೆ ಪ್ರತಿ 100ಕ್ಕೆ ಒಟ್ಟು ಸುಮಾರು 20 ಬಡ್ಡಿ ಕಟ್ಟುತ್ತೇವೆ. ಅದನ್ನೇ 5 ವರ್ಷಕ್ಕೆ ಎಳೆದರೆ ಕಂತು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ, ಬಡ್ಡಿ ಸುಮಾರು 33ಕ್ಕೆ ಏರುತ್ತದೆ. ಕಾರಿಗೆ ಮಾತ್ರ ಅಷ್ಟೂ ದಿನ ವಯಸ್ಸಾಗುತ್ತಲೇ ಇರುತ್ತದೆ. "ಕಂತಿನ ಮಾತು ಆಮೇಲೆ, ಎಲ್ಲಾ ಸೇರಿ ಗಾಡಿಯ ಬೆಲೆ ಎಷ್ಟು ಹೇಳಿ" ಅಂದೆ. ಅವರು "ಮ್ಯಾನೇಜರನ್ನು ಕೇಳಿ ಬರುತ್ತೇನೆ" ಅಂತ ಎದ್ದು ಹೋದರು. ತುಂಬಾ ಹೊತ್ತು ಬರಲಿಲ್ಲ. ಈ ಕಾಯಿಸುವುದೂ ವ್ಯಾಪಾರದ ಭಾಗವೇ. ಅರ್ಧ ದಿನ ಇಲ್ಲೇ ಕಳೆದಾಯಿತಲ್ಲ, ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ನಮಗೇ ಅನ್ನಿಸಬೇಕು.

ಬಂದ ಮೇಲೆ ಬೆಲೆ ಸ್ವಲ್ಪ ಇಳಿಯಿತು. ನಾನು ಒಂದೇ ಮಾತು ಕೇಳಿದೆ. "ಆಕ್ಸಿಡೆಂಟ್ ಆಗಿಲ್ಲ, ಮೀಟರ್ ಸರಿಯಾಗಿದೆ ಅಂತ ಬಿಲ್ಲಿನ ಮೇಲೆ ಬರೆದು ಸೀಲ್ ಹಾಕಿ ಕೊಡ್ತೀರಾ?"

"ಬರೆದು ಕೊಡೋದೆಲ್ಲ ನಮ್ಮ ಪಾಲಿಸಿಯಲ್ಲಿ ಇಲ್ಲ ಮೇಡಂ." ಆಗ ಮೊದಲ ಬಾರಿಗೆ ನನ್ನನ್ನು ನೋಡಿ ಮಾತಾಡಿದರು. "ಮಧ್ಯಾಹ್ನ ಇನ್ನೊಂದು ಪಾರ್ಟಿ ಬರುತ್ತಿದ್ದಾರೆ, ಟೋಕನ್ ಅಡ್ವಾನ್ಸ್ ಕೊಟ್ಟು ಹೋಗಿ."

"ಅವರಿಗೇ ಕೊಟ್ಟುಬಿಡಿ" ಅಂತ ಎದ್ದೆ. "ಅಕ್ಕ, ಮ್ಯೂಸಿಕ್ ಸಿಸ್ಟಮ್ ಮಾತ್ರ ಸಕತ್ತಾಗಿತ್ತು" ಅಂದ ತಮ್ಮ, ಹೊರಗೆ ಬಂದ ಮೇಲೆ.

ಮಧ್ಯಾಹ್ನ ಹೋದದ್ದು ಸಣ್ಣ ಯಾರ್ಡಿಗೆ. ನಮಗೆ ಪರಿಚಯದ ಮೆಕ್ಯಾನಿಕ್ ತಮ್ಮ ಕೆಲಸ ಮುಗಿಸಿ ಅಲ್ಲಿಗೆ ಬಂದರು. ಯಾರ್ಡಿನ ಯಜಮಾನರು ವಯಸ್ಸಾದವರು, ಮಾತು ಕಡಿಮೆ. ನಾವು ಕೇಳುವ ಮೊದಲೇ ಹೇಳಿದರು. "ಎಡಗಡೆ ಹಿಂದಿನ ಬಾಗಿಲು ಪೇಂಟ್ ಆಗಿದೆ. ಬ್ಯಾಟರಿ ಹಳೆಯದು. ಎಸಿ ನಿಧಾನಕ್ಕೆ ತಣ್ಣಗಾಗುತ್ತದೆ. ಉಳಿದದ್ದು ನೀವೇ ನೋಡಿಕೊಳ್ಳಿ."

ನಮ್ಮ ಮೆಕ್ಯಾನಿಕ್ ಕಾರಿನ ಸುತ್ತ ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಇಟ್ಟುಕೊಂಡು ಹೋದರು. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ಒಳಗೆ ಇರುತ್ತದೆ. ಆ ಬಾಗಿಲಿನಲ್ಲಿ ಮುನ್ನೂರರ ಹತ್ತಿರ ತೋರಿಸಿತು. ಮೇಲೆ ಇನ್ನೊಂದು ಕೋಟ್ ಬಣ್ಣ ಬಿದ್ದಿದೆ, ಅಷ್ಟೇ. ತಗ್ಗು ತುಂಬಲು ಪುಟ್ಟಿ ಮೆತ್ತಿದ್ದರೆ ಸಾವಿರ ದಾಟುತ್ತಿತ್ತು. ಉಳಿದ ಕಡೆ ಸರಿಯಾಗಿತ್ತು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡಿದರು. ನೆರೆ ನೀರಿನಲ್ಲಿ ನಿಂತ ಕಾರಿನ ಸೀಟು, ಮ್ಯಾಟು ಎಲ್ಲಾ ಬದಲಿಸುತ್ತಾರೆ, ಬೆಲ್ಟಿನ ಒಳಸುರುಳಿಯಲ್ಲಿ ಉಳಿದ ಕೆಸರಿನ ಗೆರೆ ಮರೆಯುತ್ತಾರಂತೆ. ನಾನು ಚಾಸಿ ನಂಬರಿನ 17 ಅಕ್ಷರಗಳನ್ನು ಕಾಗದದ ಜೊತೆ ಒಂದೊಂದಾಗಿ ಹೋಲಿಸಿದೆ. ಆ ನಂಬರಿನಲ್ಲಿ ಐ, ಓ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರ ಬಳಸುವುದಿಲ್ಲ. 1, 0 ಎಂಬ ಅಂಕಿಗಳ ಜೊತೆ ಗೊಂದಲ ಆಗಬಾರದು ಅಂತ. ಅವುಗಳಲ್ಲಿ ಒಂದು ಕಂಡರೂ ಆ ನಂಬರನ್ನು ನಂಬುವ ಹಾಗಿಲ್ಲ.

ಈ ಯಜಮಾನರು ಸಂತರೇನಲ್ಲ. ಹತ್ತಿರದ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಎತ್ತಿಸಿದಾಗ ಗೇರ್‌ಬಾಕ್ಸ್ ಹತ್ತಿರ ಆಯಿಲ್ ಜಿನುಗಿದ ಕಲೆ ಕಂಡಿತು. ಅದನ್ನು ಅವರು ಹೇಳಿರಲಿಲ್ಲ. "ನಾನು ಕೆಳಗೆ ನೋಡಿರಲಿಲ್ಲ" ಅಂದರು. ನೋಡಿರಲಿಕ್ಕೂ ಸಾಕು. ಆದರೆ ನೋಡಲು ಬಿಟ್ಟರಲ್ಲ, ನನಗೆ ಅದು ಮುಖ್ಯ. ಬೆಳಗ್ಗಿನ ಶೋರೂಮಿನಲ್ಲಿ ಹೊರಗಿನ ಮೆಕ್ಯಾನಿಕ್ಕಿಗೆ ಗಾಡಿ ಕೊಡುವುದಿಲ್ಲ ಅಂತ ಫೋನಿನಲ್ಲೇ ಹೇಳಿದ್ದರು.

ಹಳೆ ಕಾರಿನ ಸಂತೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಒಂದು ಪ್ರಬಂಧ ಬರೆದರು. ಕಾರಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಭಯದಿಂದ ಎಲ್ಲಾ ಕಾರಿಗೂ ಕಡಿಮೆಯೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರು ಇರುವವನು ಮಾರಲು ಬರುವುದಿಲ್ಲ. ಸಂತೆಯಲ್ಲಿ ಕೆಟ್ಟವೇ ಉಳಿಯುತ್ತವೆ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಈ ಲೆಕ್ಕದಲ್ಲಿ ನೋಡಿದರೆ, ದೋಷ ತಾವೇ ಹೇಳುವ ವ್ಯಾಪಾರಿ ಧರ್ಮಕ್ಕೆ ಹಾಗೆ ಮಾಡುತ್ತಿಲ್ಲ. ಬಣ್ಣ ಹೊಡೆದ ಬಾಗಿಲನ್ನು ತೋರಿಸಿ, ಸರಿಯಾಗಿರುವ ಎಂಜಿನ್ನಿಗೆ ಪೂರ್ತಿ ಬೆಲೆ ಕೇಳುವ ಅಧಿಕಾರ ಪಡೆಯುತ್ತಿದ್ದಾರೆ. ನನಗೆ ಅದರಲ್ಲಿ ತಕರಾರಿಲ್ಲ.

ಚೌಕಾಸಿ ಶುರುವಾದದ್ದು ಟೈಮಿಂಗ್ ಬೆಲ್ಟಿನಿಂದ. ಎಂಜಿನ್ನಿನೊಳಗೆ ಪಿಸ್ಟನ್, ವಾಲ್ವುಗಳ ಓಟವನ್ನು ಹೊಂದಿಸಿಡುವುದು ಅದರ ಕೆಲಸ. ಕೆಲವು ಎಂಜಿನ್ನುಗಳಿಗೆ ಚೈನ್ ಇರುತ್ತದೆ, ಇದಕ್ಕೆ ಬೆಲ್ಟು. ಇಂತಿಷ್ಟು ಕಿಲೋಮೀಟರಿಗೆ ಬದಲಿಸಲೇಬೇಕು. ಓಡುವಾಗ ತುಂಡಾದರೆ ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ಆಮೇಲೆ ಎಂಜಿನ್ ಬಿಚ್ಚುವುದೇ ದಾರಿ. ಸರ್ವಿಸ್ ಪುಸ್ತಕದಲ್ಲಿ ಎಲ್ಲಾ ಇತ್ತು, ಬೆಲ್ಟ್ ಬದಲಿಸಿದ ದಾಖಲೆ ಮಾತ್ರ ಇರಲಿಲ್ಲ.

"ನಾನೇ ಬದಲಿಸಿ ಕೊಡುತ್ತೇನಮ್ಮ" ಅಂದರು ಯಜಮಾನರು.

"ಬೇಡ ಸಾರ್, ಅದರ ಖರ್ಚು ಬೆಲೆಯಲ್ಲಿ ಕಡಿಮೆ ಮಾಡಿ, ನಾವೇ ಮಾಡಿಸಿಕೊಳ್ಳುತ್ತೇವೆ." ಮಾರಿ ಕಳಿಸುವ ಗಾಡಿಗೆ ಯಾರೂ ದುಬಾರಿ ಬೆಲ್ಟ್ ಹಾಕಿಸುವುದಿಲ್ಲ, ಅಲ್ವಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಆಯಿಲ್ ಜಿನುಗುವುದಕ್ಕೂ ಒಂದಿಷ್ಟು ಇಳಿಯಿತು. ಬ್ಯಾಟರಿಗೆ ಇಳಿಸಲಿಲ್ಲ. "ಅದನ್ನು ಮೊದಲೇ ಹೇಳಿ ಬೆಲೆ ಹೇಳಿದ್ದೇನೆ" ಅಂದರು. ನ್ಯಾಯವೇ.

ಕಾಗದ ಬರೆಯುವಾಗ ಬೆಳಗ್ಗೆ ಕೇಳಿದ್ದನ್ನೇ ಇವರನ್ನೂ ಕೇಳಿದೆ. ಅವರು ಪೆನ್ ಹಿಡಿದು ಹೇಳಿದರು. "ಮೀಟರಿನಲ್ಲಿ ಇಷ್ಟು ಇದೆ ಅಂತ ಬರೆಯುತ್ತೇನೆ. ಇಷ್ಟೇ ಓಡಿದೆ ಅಂತ ಬರೆಯುವುದಿಲ್ಲ. ನಾನು ಜೊತೆಗೆ ಕೂತು ನೋಡಿಲ್ಲವಲ್ಲ. ಸರ್ವಿಸ್ ಪುಸ್ತಕ ನಿಮ್ಮ ಕೈಯಲ್ಲಿದೆ, ವರ್ಷವರ್ಷದ ಲೆಕ್ಕ ನೀವೇ ತಾಳೆ ನೋಡಿ." ನೋಡಿದೆವು, ಸರಿಹೊಂದಿತು. ಬಾಗಿಲಿನ ಪೇಂಟ್, ಗೇರ್‌ಬಾಕ್ಸಿನ ಕಲೆ, ಸಾಲ ಬಾಕಿ ಇಲ್ಲ ಎಂಬುದು, ಎಲ್ಲಾ ಬರೆದು ಸಹಿ ಹಾಕಿದರು. ಅಚ್ಚಾದ ಫಾರಂನ ಕೆಳಗೆ ಸಣ್ಣ ಅಕ್ಷರದಲ್ಲಿ "ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇನೆ" ಎಂಬ ಸಾಲಿತ್ತು. ಅದು ಎಲ್ಲರ ಫಾರಂನಲ್ಲೂ ಇರುತ್ತದೆ. ಇದ್ದ ಸ್ಥಿತಿ ಯಾವುದು ಅಂತ ಮೇಲೆ ಕೈಬರಹದಲ್ಲಿ ಇದ್ದುದರಿಂದ ಧೈರ್ಯವಾಗಿ ಸಹಿ ಮಾಡಿದೆ.

ಕೊನೆಗೆ ಅವರೂ ವ್ಯಾಪಾರಿಯೇ. ಬಣ್ಣ ಕಾಪಾಡುವ ಕೋಟಿಂಗ್, ಎಕ್ಸ್‌ಟ್ರಾ ವಾರಂಟಿ ಅಂತ ಒಂದು ಪಟ್ಟಿ ಮುಂದಿಟ್ಟರು. ವಾರಂಟಿ ಹಾಳೆ ಓದಿದೆ. ಸವೆಯುವ ಭಾಗ ಯಾವುದೂ ಸೇರುವುದಿಲ್ಲ. ಹಳೆ ಕಾರಿನಲ್ಲಿ ಸವೆಯದ ಭಾಗ ಯಾವುದಿದೆ? ಎರಡೂ ಬೇಡ ಅಂದೆ. ಎರಡನೇ ಕೀ ಎಲ್ಲಿ ಅಂತ ಕೇಳಿದೆ. ಮೊದಲಿನ ಓನರ್ ಕಳೆದುಕೊಂಡಿದ್ದಾರೆ ಅಂದರು. ಚಿಪ್ ಇರುವ ಕೀ ಮಾಡಿಸುವುದು ಅಗ್ಗವಲ್ಲ. ಅದಕ್ಕೂ ಸ್ವಲ್ಪ ಇಳಿಸಿ ಅಂದಾಗ ಮಾತ್ರ ಅವರ ಮುಖ ಗಂಟಾಯಿತು. "ನೀವು ಈ ವ್ಯಾಪಾರಕ್ಕೆ ಇಳಿಯಬೇಕಿತ್ತಮ್ಮ" ಅಂತ ಗೊಣಗುತ್ತಲೇ ಅಂಕಿ ತಿದ್ದಿದರು.

ಮರುವಾರ ಬೆಲ್ಟ್ ಬದಲಿಸಿದೆವು. ಹಳೆಯದನ್ನು ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು ಕಾಣುತ್ತಿದ್ದವು. ಫ್ಯಾಕ್ಟರಿಯಿಂದ ಬಂದದ್ದೇ ಇರಬೇಕು ಅಂದರು ಮೆಕ್ಯಾನಿಕ್. ಎಸಿ ಅವರು ಹೇಳಿದಂತೆಯೇ ನಿಧಾನ. ಬ್ಯಾಟರಿ ಮಾತ್ರ ಇನ್ನೂ ಹೋಗಿಲ್ಲ.