ನಾಲ್ಕು ಲಕ್ಷ ಮಾರ್ಕಿನ ಜಾಡು ಹಿಡಿದು

ಫ್ರಾಂಕ್‌ಫರ್ಟಿನಲ್ಲಿ ಅಕ್ಕನ ಮಗಳು ಓದುವ ವಿಶ್ವವಿದ್ಯಾಲಯದ ಕಟ್ಟಡದೊಳಗೆ ಕಾಲಿಟ್ಟವಳು ಲಿಫ್ಟಿನ ಮುಂದೆ ನಿಂತುಬಿಟ್ಟೆ. ಅದಕ್ಕೆ ಬಾಗಿಲಿಲ್ಲ, ಒತ್ತುವ ಗುಂಡಿಯಿಲ್ಲ, ಅದು ನಿಲ್ಲುವುದೂ ಇಲ್ಲ. ಆಳೆತ್ತರದ ಪೆಟ್ಟಿಗೆಗಳು ಒಂದು ಕಡೆ ಏರುತ್ತಲೇ ಇರುತ್ತವೆ, ಪಕ್ಕದಲ್ಲೇ ಇಳಿಯುತ್ತಲೂ ಇರುತ್ತವೆ. ಜಪಮಾಲೆಯ ಮಣಿಗಳಂತೆ ಸುತ್ತುವುದರಿಂದ ಅದಕ್ಕೆ ಪಾಟರ್‌ನಾಸ್ಟರ್ ಎಂದು ಹೆಸರು. "ಬಲಗಾಲು ಇಡಿ ಚಿಕ್ಕಮ್ಮ, ಯೋಚನೆ ಮಾಡಬೇಡಿ" ಅಂದಳು. ಅವಳ ಕೈ ಹಿಡಿದು ಹತ್ತಿದೆ. ಒಂದೊಂದೇ ಮಹಡಿ ಕಣ್ಣ ಮುಂದೆ ಜಾರಿಹೋಯಿತು. ಸುಮಾರು 90 ವರ್ಷದ ಹಿಂದೆ ಫೈಲು ಹಿಡಿದ ಗುಮಾಸ್ತರೂ ಹೀಗೇ ಏರಿ ಇಳಿದಿರಬೇಕು.

ಇದು ಐಜಿ ಫಾರ್ಬೆನ್ ಎಂಬ ರಾಸಾಯನಿಕ ಕಂಪನಿಯ ಕೇಂದ್ರ ಕಚೇರಿಯಾಗಿತ್ತು. ಹಾನ್ಸ್ ಪೋಲ್ಟ್ಸಿಗ್ ಎಂಬ ವಾಸ್ತುಶಿಲ್ಪಿ 1930ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. ಸುಮಾರು 250 ಮೀಟರ್ ಉದ್ದ, ಬಿಲ್ಲಿನಂತೆ ನಸು ಬಾಗಿದ ಮೈ, ಅದಕ್ಕೆ ಅಡ್ಡಲಾಗಿ ಆರು ತೋಳು, ಜೇನಿನ ಬಣ್ಣದ ಕಲ್ಲು. ಕಟ್ಟಡ ಚೆನ್ನಾಗಿದೆ, ಇಲ್ಲ ಎನ್ನಲಾರೆ. ಬಾಸ್ಫ್, ಬೇಯರ್, ಹೋಕ್ಸ್ಟ್, ಆಗ್ಫಾ ಮುಂತಾದ ಕಂಪನಿಗಳು 1925ರಲ್ಲಿ ಒಂದಾಗಿ ಹುಟ್ಟಿದ್ದು ಈ ದೈತ್ಯ. ಬೇಯರ್, ಬಾಸ್ಫ್ ಎಂಬ ಹೆಸರನ್ನು ಗೊಬ್ಬರದಂಗಡಿಯ ಕಪಾಟಿನಲ್ಲಿ ನಮ್ಮ ರೈತರೆಲ್ಲ ನೋಡಿದ್ದಾರೆ. ನಮ್ಮ ದೇಶದ ನೀಲಿ ಬೆಳೆಯ ವ್ಯಾಪಾರ ಮುಳುಗಿದ್ದೂ 1897ರಲ್ಲಿ ಬಾಸ್ಫ್ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆಯೇ.

ಇಲ್ಲಿಗೆ ಬರುವ ಎರಡು ದಿನ ಮೊದಲು ಬರ್ಲಿನ್ನಿನಲ್ಲಿ ಇನ್ನೊಂದು ಮನೆ ನೋಡಿದ್ದೆವು. ಸಂಸತ್ ಭವನವಾದ ರೈಶ್‌ಸ್ಟಾಗಿನ ಗುಮ್ಮಟ ನೋಡಲು ಸಾಲು ನಿಂತವರು ಅದರ ಪೂರ್ವಕ್ಕಿರುವ, ಹಿಂದೆ ಸಂಸತ್ತಿನ ಸಭಾಧ್ಯಕ್ಷರದಾಗಿದ್ದ ನಿವಾಸದ ಕಡೆ ತಿರುಗಿ ನೋಡುವುದಿಲ್ಲ. ಈಗ ಅದು ಸಂಸದರ ಕ್ಲಬ್ಬು. 1933ರ ಫೆಬ್ರವರಿ 20ರಂದು ಅಲ್ಲಿ ನಾಜಿ ನಾಯಕ, ಆಗಿನ ಸಭಾಧ್ಯಕ್ಷ ಗೋರಿಂಗ್ ಇಪ್ಪತ್ತೈದರಷ್ಟು ಉದ್ಯಮಿಗಳನ್ನು ಕರೆಸಿದ್ದ. ಉಕ್ಕಿನ ದೊರೆ ಗುಸ್ತಾವ್ ಕ್ರುಪ್ ಇದ್ದರು, ಐಜಿ ಫಾರ್ಬೆನ್ನಿನಿಂದ ಗೇಯೊರ್ಗ್ ಫಾನ್ ಷ್ನಿಟ್ಸ್ಲರ್ ಬಂದಿದ್ದರು. ಹಿಟ್ಲರ್ ಚಾನ್ಸಲರ್ ಆಗಿ ಮೂರೇ ವಾರ. ಪ್ರಜಾಪ್ರಭುತ್ವ ಇದ್ದರೆ ಖಾಸಗಿ ಉದ್ಯಮ ಉಳಿಯುವುದಿಲ್ಲ ಎಂದು ಅವನು ಮಾತಾಡಿ ಹೋದ. ಮಾರ್ಚ್ 5ರ ಚುನಾವಣೆ ಇನ್ನು ಹತ್ತು ವರ್ಷಕ್ಕೆ, ಬಹುಶಃ ನೂರು ವರ್ಷಕ್ಕೆ ಕೊನೆಯದು ಎಂದ ಗೋರಿಂಗ್. ಆ ಚುನಾವಣೆಯ ಖರ್ಚಿಗೆಂದು ಬ್ಯಾಂಕರ್ ಷಾಖ್ಟ್ 30 ಲಕ್ಷ ಮಾರ್ಕ್ (ಜರ್ಮನಿಯ ಆಗಿನ ಹಣ) ಕೇಳಿದ. ಐಜಿ ಫಾರ್ಬೆನ್ ಕೊಟ್ಟಿದ್ದು 4 ಲಕ್ಷ.

ನಾನು ಸಹಕಾರಿ ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದವಳು. ನನ್ನ ಕಣ್ಣು ಹೋಗುವುದೇ ಇಂಥದ್ದರ ಮೇಲೆ. ಡೆಲ್‌ಬ್ರೂಕ್ ಷಿಕ್ಲರ್ ಎಂಬ ಬ್ಯಾಂಕಿಗೆ ಕಂಪನಿ ಬರೆದ ಪತ್ರ, "ನ್ಯಾಷನಾಲೆ ಟ್ರಾಯ್‌ಹಾಂಟ್" ಎಂಬ ಆ ಚುನಾವಣಾ ನಿಧಿಯ ಖಾತೆಗೆ ಹಣ ಹಾಕಿ ಎಂಬ ಸೂಚನೆ, ತಾರೀಕು ಫೆಬ್ರವರಿ 27. ಅದೇ ದಿನ ರಾತ್ರಿ ರೈಶ್‌ಸ್ಟಾಗ್ ಉರಿಯಿತು. ಮರುದಿನವೇ ನಾಗರಿಕರ ಹಕ್ಕುಗಳು ರದ್ದಾದವು.

ಹಿಟ್ಲರನನ್ನು ದುಡ್ಡಿನವರೇ ತಂದು ಕೂರಿಸಿದರು ಅಂತ ಎಷ್ಟೋ ಜನ ಹೇಳುತ್ತಾರೆ. ಅಷ್ಟು ಸರಳವಲ್ಲ. ಉಕ್ಕಿನ ಫ್ರಿಟ್ಸ್ ಥೈಸೆನ್‌ನಂಥವರು ಮೊದಲಿನಿಂದ ಕೊಟ್ಟದ್ದು ನಿಜ. ಆದರೆ 1932ರವರೆಗೂ ದೊಡ್ಡ ಕಂಪನಿಗಳ ಹೆಚ್ಚಿನ ಹಣ ಹೋಗುತ್ತಿದ್ದುದು ಬೇರೆ ಬಲಪಂಥೀಯ ಪಕ್ಷಗಳಿಗೆ. ಆ ವರ್ಷ ಜುಲೈನಲ್ಲಿ ಶೇ. 37.3 ಇದ್ದ ನಾಜಿ ಮತ ನವೆಂಬರಿನಲ್ಲಿ 33.1ಕ್ಕೆ ಇಳಿದಿತ್ತು, ಪಕ್ಷ ಸಾಲದಲ್ಲಿತ್ತು. ಅಂಥ ಪಕ್ಷ ಅಧಿಕಾರ ಹಿಡಿದ ಕೂಡಲೇ ಇವರು ಥೈಲಿ ಬಿಚ್ಚಿದರು. ಇದೇ ನಾಜಿ ಪತ್ರಿಕೆಗಳು ಐಜಿ ಫಾರ್ಬೆನ್ನನ್ನು ಯಹೂದಿ ಕಂಪನಿ ಎಂದು ಬೈಯುತ್ತಿದ್ದವು. ಹಾಗಿದ್ದೂ ಕೊಟ್ಟರು. ನಂಬಿ ಕೊಟ್ಟಿದ್ದರೆ ಕುರುಡು ಅನ್ನಬಹುದಿತ್ತು. ಲೆಕ್ಕ ಹಾಕಿ ಕೊಟ್ಟರಲ್ಲ, ಅದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಲೆಕ್ಕ ಏನೆಂದರೆ ಪೆಟ್ರೋಲು. ಲೊಯ್ನಾ ಕಾರ್ಖಾನೆಯಲ್ಲಿ ಕಲ್ಲಿದ್ದಲಿನಿಂದ ಪೆಟ್ರೋಲ್ ತೆಗೆಯುತ್ತಿದ್ದರು, ಹೊರಗಿನಿಂದ ತರಿಸಿದ ಎಣ್ಣೆಗಿಂತ ಅದು ಬಹಳ ದುಬಾರಿ, ನಷ್ಟವೇ ನಷ್ಟ. 1933ರ ಡಿಸೆಂಬರಿನಲ್ಲಿ ಸರ್ಕಾರ ಅದಕ್ಕೆ ಬೆಲೆಯ ಖಾತರಿ ಕೊಟ್ಟಿತು. ಯುದ್ಧಕ್ಕೆ ಬೇಕಾದ ಇಂಧನ ಅವರಿಗೆ, ಲಾಭ ಇವರಿಗೆ. 1938ರ ಹೊತ್ತಿಗೆ ಕಂಪನಿಯ ಆಡಳಿತ ಮಂಡಳಿಯಲ್ಲಿ ಯಹೂದಿಗಳು ಒಬ್ಬರೂ ಉಳಿದಿರಲಿಲ್ಲ.

ಕಟ್ಟಡದಿಂದ ಹೊರಬಂದು ಮರಗಳ ನಡುವೆ ನಡೆದೆವು. ಹುಲ್ಲಿನ ಮೇಲೆ ಅಲ್ಲಲ್ಲಿ ದೊಡ್ಡ ದೊಡ್ಡ ಫೋಟೋ ಫಲಕಗಳು. ನಗುತ್ತಿರುವ ಹುಡುಗರು, ಯುವಕರು. ನಾಜಿಗಳ ಕೈದಿ ಶಿಬಿರಕ್ಕೆ ಎಳೆದೊಯ್ಯುವ ಮುಂಚೆ ತೆಗೆಸಿಕೊಂಡ ಚಿತ್ರಗಳು. 1941ರಲ್ಲಿ ಕಂಪನಿ ಪೋಲೆಂಡಿನ ಆಶ್ವಿಟ್ಸ್ ಶಿಬಿರದ ಬಳಿ ಕೃತಕ ರಬ್ಬರ್ ಕಾರ್ಖಾನೆ ಕಟ್ಟಲು ತೊಡಗಿತು, ಮರುವರ್ಷ ಅದರ ಪಕ್ಕದಲ್ಲೇ ಮೊನೊವಿಟ್ಸ್ ಶಿಬಿರ ಎದ್ದಿತು. ಕೈದಿಯ ದಿನಗೂಲಿ 3 ಮಾರ್ಕ್, ಕಸುಬು ಬಲ್ಲವನಾದರೆ 4. ಅದನ್ನು ಕಂಪನಿ ಕಟ್ಟುತ್ತಿದ್ದುದು ಶಿಬಿರ ನಡೆಸುತ್ತಿದ್ದ ನಾಜಿಗಳ ಎಸ್‌ಎಸ್ ಪಡೆಗೆ. ದುಡಿದವನ ಕೈಗೆ ಚಿಕ್ಕಾಸಿಲ್ಲ.

ಆವರಣದ ಪಕ್ಕದಲ್ಲಿ ಹಳೆಯ ಕಾವಲುಗಾರರ ಪುಟ್ಟ ಮನೆ. ಬಾಗಿಲ ಮೇಲೆ ಹೆಸರಿಲ್ಲ, ಬರೀ ಅಂಕಿ: 107984. ನಾರ್ಬರ್ಟ್ ವೋಲ್‌ಹೈಮ್ ಎಂಬಾತನ ತೋಳಿಗೆ ಚುಚ್ಚಿದ ಸಂಖ್ಯೆ. 1943ರ ಮಾರ್ಚಿನಲ್ಲಿ ಹೆಂಡತಿ, ಮೂರು ವರ್ಷದ ಮಗನ ಜೊತೆ ಬರ್ಲಿನ್ನಿನಿಂದ ಅವರನ್ನು ಸಾಗಿಸಿದರು. ಅವರಿಬ್ಬರನ್ನೂ ಕೊಂದರು. ಇವರನ್ನು ವೆಲ್ಡಿಂಗ್ ಕೆಲಸಕ್ಕೆ ಹಚ್ಚಿದರು. ಬದುಕುಳಿದು, 1951ರಲ್ಲಿ ಕಂಪನಿಯ ಮೇಲೆ ದಾವೆ ಹೂಡಿದರು. 1953ರಲ್ಲಿ ಇದೇ ಫ್ರಾಂಕ್‌ಫರ್ಟಿನ ನ್ಯಾಯಾಲಯ 10,000 ಮಾರ್ಕ್ ಕೊಡಿಸಿತು. ಮೇಲ್ಮನವಿ ನಡೆಯುತ್ತಿದ್ದಾಗ 1957ರಲ್ಲಿ ಕಂಪನಿ ರಾಜಿಗೆ ಬಂದು, ಉಳಿದ ಸಂತ್ರಸ್ತರಿಗೂ ಸೇರಿಸಿ 3 ಕೋಟಿ ಮಾರ್ಕ್ ಒಪ್ಪಿಕೊಂಡಿತು. ಅಷ್ಟರಲ್ಲಿ, ನ್ಯೂರೆಂಬರ್ಗಿನ ಯುದ್ಧಾಪರಾಧ ವಿಚಾರಣೆಯಲ್ಲಿ ಏಳು ವರ್ಷ ಶಿಕ್ಷೆಯಾಗಿದ್ದ ಐಜಿ ಫಾರ್ಬೆನ್ ನಿರ್ದೇಶಕ ಫ್ರಿಟ್ಸ್ ಟೆರ್ ಮೇರ್ ಅವಧಿಗೆ ಮುಂಚೆಯೇ ಬಿಡುಗಡೆಯಾಗಿ, 1956ರಲ್ಲಿ ಬೇಯರ್ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷನಾಗಿ ಕೂತಿದ್ದ.

"ದಿನಾ ಇದರ ಮುಂದೇನೇ ಹೋಗ್ತೀನಿ, ಒಳಗೆ ಬಂದಿದ್ದು ಇವತ್ತೇ" ಅಂದಳು ಹುಡುಗಿ. ಒಳಗೆ ಪರದೆಯ ಮೇಲೆ ಬದುಕುಳಿದವರೊಬ್ಬರು ಮಾತಾಡುತ್ತಿದ್ದರು. ನನಗೆ ಜರ್ಮನ್ ಬಾರದು. ಅವಳು ಕಿವಿಯ ಹತ್ತಿರ ಬಂದು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಬೆಳಗಿನ ಹಾಜರಿ, ಸಿಮೆಂಟ್ ಮೂಟೆ, ನೀರಿನಂಥ ಸೂಪು. ನಡುವೆ ಒಂದು ಕಡೆ ಅವಳ ದನಿ ನಿಂತಿತು. ಪರದೆಯಲ್ಲಿ ಮುದುಕರು ಮಾತಾಡುತ್ತಲೇ ಇದ್ದರು.

"ಇದನ್ನ ಆಮೇಲೆ ಹೇಳ್ತೀನಿ ಚಿಕ್ಕಮ್ಮ" ಅಂದಳು.

ಪೂರ್ತಿ ಮುಗಿಯುವ ತನಕ ಇಬ್ಬರೂ ಅಲ್ಲೇ ನಿಂತಿದ್ದೆವು.